ಸಮಯದ ಅಭಾವದಿಂದ

ಸನ್ಮಾನದ ವಿಷಯದಲ್ಲಿ ನಮ್ಮ ರಾಯಚೂರು ಜಿಲ್ಲೆ ಎಂದೂ ಜಿಪುಣತನ ಮಾಡಿದ್ದಿಲ್ಲ. ನಿವೃತ್ತರಾಗುವವರಿಗೆ, ವರ್ಗವಾಗಿ ಬಂದವರಿಗೆ, ವರ್ಗವಾಗಿ ಹೋಗುವವರಿಗೆ, ಬರುವುದೂ ಹೋಗುವುದೂ ಇಲ್ಲದೆ ಕುರ್ಚಿಯಲ್ಲೇ ಬೇರೂರಿದವರಿಗೆ, ಎಲ್ಲರಿಗೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ದೇವೆ. ಇಷ್ಟೆಲ್ಲ ಶಾಲು ಖರ್ಚಾದ ಮೇಲೂ ಒಂದು ದೊಡ್ಡ ಸಾಧನೆ ಯಾರ ಕಣ್ಣಿಗೂ ಬಿದ್ದಿಲ್ಲ ಎಂಬುದು ನನ್ನ ಕೊರಗು. ರಾಯಚೂರು ನಗರ, ದೇವದುರ್ಗ, ಮಾನ್ವಿ, ಈ ಮೂರೂ ಕಡೆಯ ಕಾಲೇಜುಗಳಲ್ಲಿ ತಕರಾರಿನ ಯಾವ ರಾಜಕೀಯ ವಿಷಯದ ಮೇಲೂ ವಾದ ನಡೆಯುವುದಿಲ್ಲ. ದಿಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಡಪ್ಪು ಬಾರಿಸುತ್ತಾರೆ, ಹೈದರಾಬಾದಿನಲ್ಲಿ ಡೇರೆ ಹಾಕಿ ಕೂಡುತ್ತಾರೆ, ಕೊಲ್ಕತ್ತೆಯಲ್ಲಿ ಕುಲಪತಿಗೆ ಘೇರಾವ್ ಹಾಕುತ್ತಾರೆ. ನಮ್ಮಲ್ಲಿ ಗಂಟೆ ಹೊಡೆಯುತ್ತದೆ, ಹಾಜರಿ ಕೂಗುತ್ತಾರೆ, ಮತ್ತೆ ಗಂಟೆ ಹೊಡೆಯುತ್ತದೆ.

ಹೊರದೇಶದ ವಿದ್ವಾಂಸರು ಪ್ರತಿ ವರ್ಷ ಶೈಕ್ಷಣಿಕ ಸ್ವಾತಂತ್ರ್ಯದ ಸೂಚ್ಯಂಕ ಅಂತ ಒಂದನ್ನು ಪ್ರಕಟಿಸಿ, ಯಾವ ದೇಶ ಮೇಲೇರಿತು ಯಾವುದು ಜಾರಿತು ಅಂತ ಚಿತ್ರ ಬರೆದು ತೋರಿಸುತ್ತಾರೆ. ಭಾರತ ಜಾರಿದೆ ಅಂತ ಕೆಲವು ವರ್ಷಗಳಿಂದ ಅವರಿಗೆ ಬೇಸರ. ಅವರ ಲೆಕ್ಕದಲ್ಲಿ ಒಂದು ದೋಷವಿದೆ. ಮಾತಾಡಿದ ಮೇಲೆ ಯಾರ ಬಾಯಿ ಮುಚ್ಚಿಸಿದರು ಎಂಬುದಕ್ಕೆ ಕಾಲಂ ಇದೆ. ಬಾಯಿಯನ್ನೇ ತೆರೆಯದೆ ಬಿಟ್ಟವರಿಗೆ ಕಾಲಂ ಇಲ್ಲ. ಹೀಗಾಗಿ ನಮ್ಮ ಮೂರೂ ಊರು ಆ ಪುಸ್ತಕದಲ್ಲಿ ಎಲ್ಲೂ ಸಿಗುವುದಿಲ್ಲ. ಈ ಕೊರತೆ ತುಂಬಲೆಂದೇ ಈ ಬಿನ್ನವತ್ತಳೆ.

ಈ ಶಾಂತಿ ಒಂದೇ ದಿನಕ್ಕೆ ಬಂದದ್ದಲ್ಲ. ನಮ್ಮ ಭಾಗಕ್ಕೆ ಈ ಬಗ್ಗೆ ಬಂದ ಮೊದಲ ಸುತ್ತೋಲೆ ಸಾಮ್ರಾಟ ಅಶೋಕನದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅವನ ಹನ್ನೆರಡನೆಯ ಶಾಸನ ಎರಡು ಮಾತು ಹೇಳುತ್ತದೆ. ನಾಲಗೆಯ ಮೇಲೆ ಹಿಡಿತವಿರಲಿ ಎಂಬುದು ಒಂದು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೂತು ಕೇಳಬೇಕು ಎಂಬುದು ಇನ್ನೊಂದು. ಮೊದಲನೆಯದು ಪೂರ್ಣ ಜಾರಿಯಲ್ಲಿದೆ. ಎರಡನೆಯದು ಪರಿಶೀಲನೆಯಲ್ಲಿದೆ. 1980ರ ದಶಕದಲ್ಲಿ ಅಲ್ಲಿನ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ಶಾಸನದ ಆ ಕಲ್ಲೇ ದೇವಿಯ ಪೀಠವಾಗಿರುವುದು ಬೆಳಕಿಗೆ ಬಂತು. ಮೂರ್ತಿ ಕೂಡಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಸರ್ಕಾರಿ ಸುತ್ತೋಲೆಗೆ ಇಷ್ಟು ಗೌರವ ಸಂದ ಇನ್ನೊಂದು ಪ್ರಸಂಗ ನನಗೆ ತಿಳಿದಿಲ್ಲ. ಯಾರೂ ಓದಲಿಲ್ಲ, ಎಲ್ಲರೂ ಕೈ ಮುಗಿದರು.

ಆಮೇಲೆ ಬಂದ ನಿಜಾಮರು ಪಾಪ ಬಹಳ ಕಷ್ಟಪಟ್ಟರು. ರಾಯಚೂರು 1948ರ ಸೆಪ್ಟೆಂಬರಿನ ತನಕ ಹೈದರಾಬಾದ್ ಸಂಸ್ಥಾನದಲ್ಲಿತ್ತಷ್ಟೆ. ನಾಲ್ಕು ಜನ ಸೇರಿ ಸಭೆ ಮಾಡಬೇಕಾದರೂ ಸರ್ಕಾರದ ಅನುಮತಿಯನ್ನು ಮೊದಲೇ ಪಡೆಯಬೇಕೆಂದು ಅವರು ಗಷ್ತಿ ನಿಶಾನ್ 53 ಎಂಬ ಆಜ್ಞೆ ಹೊರಡಿಸಬೇಕಾಯಿತು. ಅದನ್ನು ಅಚ್ಚು ಹಾಕಿಸಬೇಕು, ತಾಲ್ಲೂಕುಗಳಿಗೆ ಹಂಚಬೇಕು, ಯಾರು ಮುರಿದರು ಅಂತ ಹೋಗಿ ನೋಡಬೇಕು, ಎಷ್ಟು ಖರ್ಚು! ಅಷ್ಟು ಮಾಡಿದರೂ ಮುರಿಯುವವರು ಮುರಿದರು. ಮಂಗಳೂರು ಕಡೆಯ ಪಂಡಿತ ತಾರಾನಾಥರು ರಾಯಚೂರಿಗೆ ಬಂದು ಹಮ್‌ದರ್ದ್ ಶಾಲೆ ಕಟ್ಟಿದರು. ಹುಡುಗರು ಸ್ವಂತ ಬುದ್ಧಿಯಿಂದ ಯೋಚಿಸಬೇಕು ಎಂಬ ವಿಚಿತ್ರ ಹವ್ಯಾಸ ಅವರಿಗಿತ್ತು. ಸರ್ಕಾರದ ಅವಕೃಪೆಯಾಯಿತು. ಅವರು ತುಂಗಭದ್ರೆ ದಾಟಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿಕೊಂಡರು. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹುಡುಗರು ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದರು ಅಂತ ನೂರಾರು ಮಂದಿಯನ್ನು ಹೊರಗೆ ಹಾಕಿದರು. ನಾಗಪುರದವರು ಕರೆದು ಸೀಟು ಕೊಟ್ಟರು. ಹೀಗೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಗಿಲು ತೆರೆದಿರುತ್ತಿದ್ದ ಅವ್ಯವಸ್ಥೆಯ ಕಾಲ ಅದು. ಈಗ ನದಿ ದಾಟಿದರೂ ಅದೇ ಅರ್ಜಿ ನಮೂನೆ.

ಆದರೆ ಈ ಕ್ಷೇತ್ರದಲ್ಲಿ ನಿಜವಾದ ಸಂಶೋಧನೆ ನಡೆದದ್ದು ಮಾನ್ವಿಯಲ್ಲಿ, ಅದೂ ಹದಿನೆಂಟನೆಯ ಶತಮಾನದಲ್ಲಿ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಅದೇ ಸೀಮೆಯ ಚೀಕಲಪರ್ವಿಯ ವಿಜಯದಾಸರು ಕನ್ನಡದಲ್ಲಿ ಪದ ಕಟ್ಟಿ ಹಾಡುವವರು. ಶಾಸ್ತ್ರದ ಮಾತನ್ನು ಕನ್ನಡದಲ್ಲಿ ಹಾಡಿ ಬೀದಿಗೆ ತರಬಹುದೇ ಎಂಬುದು ಆ ಕಾಲದ ತಕರಾರಿನ ವಿಷಯ. ಇಂದಿನ ಶಿಕ್ಷಣ ಮಾಧ್ಯಮದ ಜಗಳಕ್ಕಿಂತ ಏನೂ ಸಣ್ಣದಲ್ಲ. ವಿಜಯದಾಸರು ಮಾನ್ವಿಗೆ ಬಂದಾಗ ಪಂಡಿತರನ್ನು ಊಟಕ್ಕೆ ಕರೆದರಂತೆ. ಪಂಡಿತರು ವಾದ ಮಾಡಲಿಲ್ಲ, ಪತ್ರಿಕೆಗೆ ಹೇಳಿಕೆ ಕೊಡಲಿಲ್ಲ. ಹೊಟ್ಟೆನೋವು ಎಂದು ಹೇಳಿ ಕಳಿಸಿದರು. ಅಲ್ಲಿಂದ ಇಲ್ಲಿಯವರೆಗೆ, ಇಕ್ಕಟ್ಟಿನ ವಿಷಯದ ಮೇಲೆ ಮಾತಾಡಲು ಯಾರಾದರೂ ಕರೆದರೆ ನಮ್ಮ ಭಾಗದ ಅಧ್ಯಾಪಕ ವರ್ಗ ಈ ಉತ್ತರವನ್ನು ನಂಬಿಕೊಂಡು ಬಂದಿದೆ. ಈಚೆಗೆ ಹೊಟ್ಟೆಯ ಜೊತೆ ಸಕ್ಕರೆ, ಬಿ.ಪಿ. ಕೂಡ ಕೈಜೋಡಿಸಿವೆ.

ಕಥೆ ಅಲ್ಲಿಗೇ ನಿಲ್ಲಬೇಕಾಗಿತ್ತು. ದುರ್ದೈವಕ್ಕೆ ಮುಂದುವರಿಯಿತು. ಪಂಡಿತರ ಹೊಟ್ಟೆನೋವು ನಿಜವಾಗಿಬಿಟ್ಟಿತು. ಕೊನೆಗೆ ವಿಜಯದಾಸರ ಶಿಷ್ಯರೂ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರೂ ಆದ ಗೋಪಾಲದಾಸರ ಹತ್ತಿರ ಹೋದಾಗ, ಅವರು ತಮ್ಮ ಆಯುಸ್ಸಿನಲ್ಲೇ ಪಾಲು ಕೊಟ್ಟು ಉಳಿಸಿದರಂತೆ. ಪಂಡಿತರು ಮನಸ್ಸು ಬದಲಿಸಿದರು, ಕನ್ನಡದಲ್ಲೇ ಹರಿಕಥಾಮೃತಸಾರ ಬರೆದು ಜಗನ್ನಾಥದಾಸರಾದರು. ಎದುರು ಪಕ್ಷದವರ ಹತ್ತಿರ ಹೋಗಿ ಕೂತರೆ ಅಭಿಪ್ರಾಯ ಬದಲಾಗುವ ಅಪಾಯವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕೆ? ಆಮೇಲೆ ವೈದ್ಯಶಾಸ್ತ್ರ ಬಹಳ ಸುಧಾರಿಸಿತು. ಇಂದಿನ ಹೊಟ್ಟೆನೋವು ಕಾರ್ಯಕ್ರಮ ಮುಗಿದ ಸಂಜೆಗೆ ತಾನಾಗಿ ಇಳಿಯುತ್ತದೆ, ಅಭಿಪ್ರಾಯ ಇದ್ದ ಜಾಗದಲ್ಲೇ ಇರುತ್ತದೆ.

ಇನ್ನು ಇಂದಿನ ವ್ಯವಸ್ಥೆಗೆ ಬರುತ್ತೇನೆ. ಇದರ ಸೊಗಸು ತಿಳಿಯಬೇಕಾದರೆ ಒಂದು ವಿಚಾರ ಸಂಕಿರಣ ಹೇಗೆ ಹುಟ್ಟುತ್ತದೆ ನೋಡಬೇಕು. ಒಂದು ಕಾಲೇಜು ಅಂತಿಟ್ಟುಕೊಳ್ಳಿ. ಯಾವ ಕಾಲೇಜು ಅಂತ ಹುಡುಕಿ ಬಸ್ ಚಾರ್ಜು ದಂಡ ಮಾಡಿಕೊಳ್ಳಬೇಡಿ, ಯಾವುದಾದರೂ ಸರಿಹೋಗುತ್ತದೆ. ಅಲ್ಲೊಬ್ಬ ರಾಜ್ಯಶಾಸ್ತ್ರದ ಮೇಷ್ಟ್ರು, ವಯಸ್ಸು ಚಿಕ್ಕದು, ನೇಮಕಾತಿ ಹೊಸದು. ಅವನಿಗೊಂದು ವಿಷಯ ಹೊಳೆಯಿತು. ತುಂಗಭದ್ರಾ ಎಡದಂಡೆ ಕಾಲುವೆ ಅಣೆಕಟ್ಟಿನಿಂದ ಹೊರಟು 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆಗೆ ಬರುತ್ತದೆ. ಮೂಲ ಯೋಜನೆಯಲ್ಲಿ ಇದು ಬಹುಪಾಲು ಕಡಿಮೆ ನೀರಿನ ಬೆಳೆಗೆ ಅಂದದ್ದು: ಜೋಳ, ಹತ್ತಿ, ಶೇಂಗಾ. ಮೇಲ್ಭಾಗದ ಗಂಗಾವತಿ, ಕಾರಟಗಿ ಕಡೆ ಎರಡೆರಡು ಭತ್ತ ಬೆಳೆಯುತ್ತಾರೆ. ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ನೀರಿಗಾಗಿ ರಸ್ತೆ ತಡೆದು ಕೂಡುತ್ತಾರೆ. ಯಾವ ಪಕ್ಷ ಬಂದರೂ ಮೇಲ್ಭಾಗದ ತೂಬು ಬಿಗಿಯುವುದಿಲ್ಲ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗಲಂತೂ ಎಲ್ಲರ ಎದೆ ಧಸಕ್ಕೆಂದಿತು. ತನ್ನ ತರಗತಿಯ ಅರ್ಧ ಹುಡುಗರು ಈ ರೈತರ ಮಕ್ಕಳೇ, ಇದನ್ನೇ ಚರ್ಚೆಗಿಟ್ಟರೆ ಆಗದೇ ಅಂತ ಅವನಿಗನ್ನಿಸಿತು. ಹುಡುಗ ಬುದ್ಧಿ. ಪ್ರಾಚಾರ್ಯರ ಕೋಣೆಗೆ ಹೋದ.

"ಸರ, ನಮ್ ವಿಭಾಗದಿಂದ ಒಂದ್ ದಿನದ ವಿಚಾರ ಸಂಕಿರಣ ಮಾಡಬೇಕಂತ ಮಾಡೀನ್ರಿ."

"ಮಾಡ್ರಿ, ಮಾಡ್ರಿ. ನ್ಯಾಕ್‌ದವ್ರು ಬರೋದದ. ವಿಷಯ ಏನು?"

"'ಎಡದಂಡೆ ಕಾಲುವೆ: ನೀರು ಯಾರಿಗೆ, ರಾಜಕೀಯ ಯಾರದು?' ಅಂತ್ರಿ."

ಪ್ರಾಚಾರ್ಯರು ಕನ್ನಡಕ ತೆಗೆದು ಒರೆಸಿದರು. "ಛಲೋ ಅದ. ಆ ಪ್ರಶ್ನಾರ್ಥಕ ಚಿಹ್ನಿ ತಗೀರಿ. ನಾವು ಪ್ರಶ್ನಿ ಮಾಡೋರಲ್ಲ, ಉತ್ತರ ಕೊಡೋರು."

"ಆಯ್ತ್ರಿ."

"ರಾಜಕೀಯ ಅನ್ನೋದೂ ತಗೀರಿ. ನಮ್ ಅಧ್ಯಕ್ಷರು ಈ ಸಲ ಟಿಕೆಟ್ ಕೇಳ್ಯಾರ."

"ಯಾವ ಪಕ್ಷದ್ದ್ರಿ ಸರ?"

"ಅದಿನ್ನಾ ಗೊತ್ತಾಗಿಲ್ಲ. ಅದಕ್ಕೇ ತಗೀರಿ ಅಂದೆ."

ಉಳಿದದ್ದು 'ಎಡದಂಡೆ ಕಾಲುವೆ: ನೀರಿನ ನಿರ್ವಹಣೆ'. ಪ್ರಾಚಾರ್ಯರು ಅದನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದರು. ಏನೋ ಕಲ್ಲು ಸಿಕ್ಕಿತು. "ಎಡ ಅಂದ್ರ ಮತ್ತ ಯಾರರ ಬ್ಯಾರೆ ಅರ್ಥ ಮಾಡ್ತಾರ್ರಿ. ಕಾಲುವಿ ಅಂದ್ರೂ ಕಷ್ಟ, ಮ್ಯಾಲಿನ ಭಾಗದಾಗ ನಮ್ ಬೀಗರ ಗದ್ದಿ ಅದಾವ. ನೀರು ಒಂದು ಇಟ್ಕೊಳ್ರಿ. ನೀರಿಗೆ ಯಾರ್ದೂ ತಕರಾರಿಲ್ಲ." ಕೊನೆಗೆ ವಿಷಯ ಅಂತಿಮವಾದದ್ದು 'ಹರಿದಾಸ ಸಾಹಿತ್ಯದಲ್ಲಿ ಜಲ'. ಮಾನ್ವಿ ಸೀಮೆಗೆ ಹೇಳಿ ಮಾಡಿಸಿದ ಹಾಗಿದೆ, ದಾಸರು ಯಾರಿಗೂ ನೋಟಿಸು ಕೊಡುವುದಿಲ್ಲ, ಬೀಗರೂ ಬಂದು ಮುಂದಿನ ಸಾಲಿನಲ್ಲಿ ಕೂಡಬಹುದು. ಮೇಷ್ಟ್ರ ಹೆಸರು ಸಂಚಾಲಕರೆಂದು ಅಚ್ಚಾಯಿತು. ಅವನಿಗೆ ಕಸಿವಿಸಿ ಆಗಿರಬಹುದು ಅಂತ ನೀವು ಅಂದುಕೊಂಡಿದ್ದರೆ ತಪ್ಪು. ಬಡ್ತಿಯ ಅಂಕಪಟ್ಟಿಯಲ್ಲಿ ಕಾಲುವೆಗೂ ಜಲಕ್ಕೂ ಅಂಕ ಒಂದೇ.

ಪ್ರಾಚಾರ್ಯರನ್ನು ಹೇಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕುರ್ಚಿಯ ಮೇಲೆ 1966ರ ನಡತೆ ನಿಯಮಗಳು ಕೂತಿದ್ದವು, ಈಗ 2021ರ ನಡತೆ ನಿಯಮಗಳು ಕೂತಿವೆ. ಸರ್ಕಾರಿ ಸೇವೆಯಲ್ಲಿರುವವರು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದು ಎಂಬುದು ಅದರ ಸಾರ. ತಹಸೀಲ್ದಾರರಿಗೆ ಇದು ಸರಿ ಹೊಂದುತ್ತದೆ. ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅವನ ಪಾಠವೇ ಸರ್ಕಾರದ ನೀತಿ. ಹೀಗಾಗಿ ಅವನು ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಾಗಿರುತ್ತಾನೆ. ನಮ್ಮ ಹುಡುಗರಿಗೆ ಸ್ವಿಟ್ಜರ್‌ಲೆಂಡಿನ ಜನಮತಗಣನೆ ಬಾಯಿಪಾಠವಿದೆ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಕಳೆದದ್ದು ಏಕೆ ಅಂತ ಕೇಳಿದರೆ, ಅದು ಪಠ್ಯಕ್ರಮದ ಹೊರಗಿನದು. ಸ್ವಿಟ್ಜರ್‌ಲೆಂಡಿನವರು ಬಂದು ಮೇಷ್ಟ್ರನ್ನು ವರ್ಗ ಮಾಡಿಸುವುದಿಲ್ಲವಲ್ಲ.

ದೇವದುರ್ಗದ ಸಾಧನೆ ಸ್ವಲ್ಪ ಬೇರೆ ಥರದ್ದು. 2002ರ ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅದರಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ದೇವದುರ್ಗ ಆ 39ರಲ್ಲಿದೆ. ಅಂದಿನಿಂದ ಹಿಂದುಳಿದಿರುವಿಕೆಯ ಮೇಲೆ ಅಲ್ಲಿ ಎಷ್ಟು ಪ್ರಬಂಧ ಬೇಕಾದರೂ ಮಂಡಿಸಬಹುದು. ಮಳೆ ಕಡಿಮೆ, ಅಕ್ಷರಸ್ಥರು ಕಡಿಮೆ, ಗುಳೆ ಹೆಚ್ಚು. ಕೋಷ್ಟಕ ಹಾಕಬಹುದು, ಶಿಫಾರಸು ಬರೆಯಬಹುದು. ತಾಲ್ಲೂಕು ತಾನಾಗಿಯೇ ನಡೆಯುತ್ತ ನಡೆಯುತ್ತ ಹಿಂದೆ ಬಿತ್ತು ಎಂಬ ಧಾಟಿಯಲ್ಲಿ ಎಲ್ಲ ಪ್ರಬಂಧವೂ ಇರುತ್ತದೆ. ಯಾರು ಹಿಂದೆ ಇಟ್ಟರು, ಯಾವ ವರ್ಷ, ಯಾವ ಕಡತದಲ್ಲಿ ಎಂಬ ಅಸಭ್ಯ ಪ್ರಶ್ನೆ ಬರುವುದಿಲ್ಲ. ಹಾಗೆಯೇ ಪರಿಶಿಷ್ಟ ಜಾತಿಗಳ ಒಳಮೀಸಲಾತಿ. ಅದಕ್ಕಾಗಿ ನಮ್ಮ ಜಿಲ್ಲೆಯ ಬೀದಿಗಳಲ್ಲಿ ದಶಕಗಟ್ಟಲೆ ತಮಟೆ ಬಾರಿಸಿದ್ದಾರೆ, ಸದಾಶಿವ ಆಯೋಗ ಬಂದು ಹೋಯಿತು, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತರಗತಿಯ ಒಂದೇ ಬೆಂಚಿನಲ್ಲಿ ಪರ ವಿರೋಧ ಎರಡೂ ಕೂತಿರುತ್ತವೆ. ಆದ್ದರಿಂದಲೇ ಮೇಷ್ಟ್ರು ಆ ಪುಟವನ್ನು ಮನೆಯಲ್ಲಿ ಓದಿಕೊಳ್ಳಿ ಅನ್ನುತ್ತಾರೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅದರ ಮೇಲೆ ಮಾತ್ರ ಮುಕ್ತವಾಗಿ ಮಾತಾಡಬಹುದು, ಏಕೆಂದರೆ ಬೇಡ ಅನ್ನುವವರು ಒಬ್ಬರೂ ಇಲ್ಲ. ವಿರೋಧವಿಲ್ಲದ ವಿಷಯದಲ್ಲಿ ನಮ್ಮ ಧೈರ್ಯವನ್ನು ಮೀರಿಸುವವರು ಯಾರೂ ಇಲ್ಲ.

ಸಂಕಿರಣದ ದಿನದ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹತ್ತೂವರೆಗೆ ಎಂದು ಅಚ್ಚಾದದ್ದು ಹನ್ನೆರಡಕ್ಕೆ ಶುರು. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ, ಹದಿಮೂರು ಗಣ್ಯರು. ಪ್ರಾರ್ಥನೆ, ನಾಡಗೀತೆ, ಸಸಿಗೆ ನೀರೆರೆಯುವುದು, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಪುಸ್ತಕ ಬಿಡುಗಡೆ, ಮುಖ್ಯ ಅತಿಥಿ, ವಿಶೇಷ ಅತಿಥಿ, ಅತಿ ವಿಶೇಷ ಅತಿಥಿ. ಅಧ್ಯಕ್ಷರ ಭಾಷಣ ಮುಗಿಯುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಗ್ಗರಣಿ, ಮಿರ್ಚಿಯ ವಾಸನೆ ಬರುತ್ತದೆ. ಆ ವಾಸನೆಯ ಎದುರು ಯಾವ ಸಿದ್ಧಾಂತವೂ ನಿಂತದ್ದನ್ನು ನಾನು ಕಂಡಿಲ್ಲ. ಊಟದ ಮೇಲೆ ಎರಡು ಗೋಷ್ಠಿಗಳನ್ನು ಒಂದಾಗಿಸುತ್ತಾರೆ. ಹನ್ನೆರಡು ಪ್ರಬಂಧ, ಒಂದೊಂದಕ್ಕೆ ನಾಲ್ಕು ನಿಮಿಷ. ಆಮೇಲೆ ನಿರೂಪಕರು ಮೈಕಿಗೆ ಬಾಯಿ ಹತ್ತಿಸಿ, ಸಂವಾದವನ್ನು ಸಮಯದ ಅಭಾವದಿಂದ ಕೈಬಿಡಲಾಗಿದೆ ಎಂದು ವಿಷಾದಪೂರ್ವಕವಾಗಿ ತಿಳಿಸುತ್ತಾರೆ. ಆ ವಿಷಾದದಲ್ಲಿ ಎಷ್ಟು ನೆಮ್ಮದಿ ಬೆರೆತಿರುತ್ತದೆ ಎಂಬುದನ್ನು ಎದುರಿಗೆ ಕೂತವರಷ್ಟೇ ಬಲ್ಲರು. ಪ್ರಶ್ನೆ ಕೇಳಬಾರದು ಎಂದು ಯಾರೂ ಅನ್ನಲಿಲ್ಲ ನೋಡಿ. ಗಡಿಯಾರ ಅಂದಿತು. ನಿಜಾಮರಿಗೆ ಈ ಉಪಾಯ ಹೊಳೆದಿದ್ದರೆ ಗಷ್ತಿಯ ಅಚ್ಚಿನ ಖರ್ಚು ಉಳಿಯುತ್ತಿತ್ತು.

ಈ ಮೌನದ ತಳಪಾಯ ಎತ್ತಿ ಹಿಡಿದವರು ಬೇರೆ ಇದ್ದಾರೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ. ನಮ್ಮ ತಾಲ್ಲೂಕು ಕಾಲೇಜುಗಳು ನಡೆಯುವುದೇ ಅವರಿಂದ. ಅವರ ಕೆಲಸ ವರ್ಷಕ್ಕಿಷ್ಟು ತಿಂಗಳು. ಬೇಸಿಗೆಯಲ್ಲಿ ಸಂಬಳವಿಲ್ಲ, ಜೂನ್ ಬಂದಾಗ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗು. ಖಾಯಂ ನೇಮಕಾತಿ ಮಾಡಿದರೆ ಮೇಷ್ಟ್ರಿಗೆ ನಾಳೆಯ ಚಿಂತೆ ಇರುವುದಿಲ್ಲ, ಚಿಂತೆ ಇಲ್ಲದವನು ಚಿಂತನೆಗೆ ಇಳಿದುಬಿಡುತ್ತಾನೆ. ಸರ್ಕಾರ ಹುದ್ದೆ ಖಾಲಿ ಬಿಟ್ಟಿರುವುದು ಹಣವಿಲ್ಲದೆ ಎಂದು ತಿಳಿಯುವವರಿಗೆ ಸರ್ಕಾರದ ದೂರದೃಷ್ಟಿ ತಿಳಿದಿಲ್ಲ. 2023ರ ನವೆಂಬರಿನಲ್ಲಿ ಈ ಉಪನ್ಯಾಸಕರು ಪಾಠ ನಿಲ್ಲಿಸಿ ಧರಣಿ ಕೂತು ಗಟ್ಟಿಯಾಗಿಯೇ ಮಾತಾಡಿದರು. ಆದರೆ ಅದು ಬೀದಿಯಲ್ಲಿ; ತರಗತಿಯ ಶಿಸ್ತಿಗೆ ಅದರಿಂದ ಭಂಗ ಬರಲಿಲ್ಲ.

ವಿದ್ಯಾರ್ಥಿಗಳ ಕಡೆಯ ಬಂದೋಬಸ್ತು ಇನ್ನೂ ಹಳೆಯದು. ಕಾಲೇಜಿನ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನು ಕರ್ನಾಟಕ 1989ರ ಸುಮಾರಿಗೇ ನಿಲ್ಲಿಸಿತು. ಗಲಾಟೆ ಆಗುತ್ತದೆ ಅಂತ. ಅಂದಿನಿಂದ ಹದಿನೆಂಟು ತುಂಬಿದ ಹುಡುಗಿ ಶಾಸಕರನ್ನು ಆರಿಸಬಲ್ಲಳು, ಪ್ರಧಾನಿಯಾಗುವವರಿಗೆ ವೋಟು ಹಾಕಬಲ್ಲಳು. ತನ್ನ ತರಗತಿಯ ಪ್ರತಿನಿಧಿಯನ್ನು ಮಾತ್ರ ಪ್ರಾಚಾರ್ಯರೇ ಅಂಕಪಟ್ಟಿ ನೋಡಿ ಆರಿಸುತ್ತಾರೆ. ವಿಧಾನಸಭೆಯಲ್ಲಿ ಗಲಾಟೆ ಆದರೆ ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯದಿರುವುದು ಸೋಜಿಗ.

ರಾಜ್ಯ ಮಟ್ಟದಲ್ಲೂ ನಮ್ಮವರು ಕೈ ಕಟ್ಟಿ ಕೂತಿಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬಿನ ವಿವಾದ ಕಾಲೇಜುಗಳ ಗೇಟಿಗೆ ಬಂತು. ಸಂವಿಧಾನ, ಧರ್ಮ, ಹೆಣ್ಣುಮಕ್ಕಳ ಓದು, ಸಮವಸ್ತ್ರ, ಎಲ್ಲ ಒಟ್ಟಿಗೆ ಕೂತು ಮಾತಾಡಬೇಕಾದ ವಿಷಯ. ಮಾತಾಡುವ ಜಾಗ ಕಾಲೇಜು. ಸರ್ಕಾರ 8ನೇ ತಾರೀಕು ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟಿತು. ಇಷ್ಟು ಸರಳವಾದ ಪರಿಹಾರ ಪ್ಲೇಟೋಗೂ ಹೊಳೆದಿರಲಿಲ್ಲ. ಮಾರ್ಚಿನಲ್ಲಿ ಹೈಕೋರ್ಟು ತೀರ್ಪು ಕೊಟ್ಟಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದೇ ಪೀಠದಲ್ಲಿ ಕೂತು ಎರಡು ತೀರ್ಪು ಬರೆದರು. ಒಬ್ಬರ ಮಾತು ಇನ್ನೊಬ್ಬರು ಒಪ್ಪದೆಯೂ ಅಕ್ಕಪಕ್ಕ ಕೂಡಬಹುದು ಎಂಬ ಅಪಾಯಕಾರಿ ಪಾಠ ಅದರಲ್ಲಿತ್ತು. ನಮ್ಮ ಮಕ್ಕಳ ಕೈಗೆ ಅದನ್ನು ಕೊಡಲಿಲ್ಲ, ಸದ್ಯ.

ಪ್ರಶ್ನೋತ್ತರಕ್ಕೆ ನಮ್ಮಲ್ಲಿ ಜಾಗವೇ ಇಲ್ಲ ಎಂದು ದೂರುವವರು ಬೀದರ್ ಕಡೆ ನೋಡಬೇಕು. 2020ರ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಮೇಲೆ ಒಂದು ಸಣ್ಣ ನಾಟಕ ಆಡಿದರು. ದೇಶದ್ರೋಹದ ಪ್ರಕರಣ ದಾಖಲಾಯಿತು, ಶಿಕ್ಷಕಿಯೊಬ್ಬರೂ ಒಬ್ಬ ತಾಯಿಯೂ ಜೈಲಿಗೆ ಹೋದರು, ಪೊಲೀಸರು ಮತ್ತೆ ಮತ್ತೆ ಶಾಲೆಗೇ ಬಂದು ಮಕ್ಕಳನ್ನು ಕೂಡಿಸಿಕೊಂಡು ಪ್ರಶ್ನೆ ಕೇಳಿದರು. ಯಾವ ವಿಚಾರ ಸಂಕಿರಣದಲ್ಲೂ ಸಂವಾದಕ್ಕೆ ಅಷ್ಟು ಸಮಯ ಕೊಟ್ಟದ್ದಿಲ್ಲ. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಪ್ರಕರಣವನ್ನು ರದ್ದು ಮಾಡಿತು. ಅಷ್ಟರಲ್ಲಿ ಮಕ್ಕಳು ಮೂರು ತರಗತಿ ದಾಟಿದ್ದರು. ಅದೇ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆಯ ಮೇಲೆ ಕವಿತೆ ಓದಿ ಪ್ರಕರಣ ಹೊತ್ತುಕೊಂಡರು. ಆನೆಗೊಂದಿ ಇರುವ ಕೊಪ್ಪಳ 1997ರ ತನಕ ರಾಯಚೂರು ಜಿಲ್ಲೆಯೇ ಆಗಿದ್ದುದರಿಂದ ಈ ಕೀರ್ತಿಯಲ್ಲಿ ನಮಗೂ ಪಾಲುಂಟು. ಕವಿತೆಯನ್ನು ಸರ್ಕಾರ ಗಂಭೀರವಾಗಿ ಓದುವ ರಾಜ್ಯ ಇನ್ನಾವುದಿದೆ?

ಪಕ್ಷಭೇದ ಮಾಡುತ್ತಿದ್ದೇನೆ ಅನ್ನಬೇಡಿ. ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಗೆ 1995ನೇ ಸಾಲಿನ ರಾಜ್ಯ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1997ರಲ್ಲಿ, 2020ರದಕ್ಕಿಂತ ಬೇರೆಯದೇ ಪಕ್ಷದ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಒಂದು ಕೈಯಲ್ಲಿ ಫಲಕ, ಇನ್ನೊಂದು ಕೈಯಲ್ಲಿ ಬೀಗ. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 2007ರಲ್ಲಿ ಸೋತವರಲ್ಲಿ ಬರಗೂರು ರಾಮಚಂದ್ರಪ್ಪನವರು ಒಬ್ಬರು. ಅವರನ್ನೇ 2016ರ ಡಿಸೆಂಬರಿನಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಅಂಗಳದಲ್ಲಿ ನಡೆದ 82ನೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮೆರವಣಿಗೆ ಮಾಡಿದೆವು. ಪುಸ್ತಕ ಬಂದ್, ಮೆರವಣಿಗೆ ಚಾಲೂ. ಶಾಲೆಯ ಪಠ್ಯಪುಸ್ತಕವಂತೂ ಸರ್ಕಾರ ಬದಲಾದಾಗಲೆಲ್ಲ ಪರಿಷ್ಕಾರವಾಗುತ್ತದೆ. 2022ರಲ್ಲಿ ದೇವನೂರ ಮಹಾದೇವ ತಮ್ಮ ಪಾಠವೇ ಬೇಡ ಎಂದು ಅನುಮತಿ ವಾಪಸು ಪಡೆದರು. ಪಾಠವೂ ರಾಜೀನಾಮೆ ಕೊಡಬಹುದು ಎಂದು ಅಂದೇ ನಮಗೆ ತಿಳಿದದ್ದು.

1989ರಲ್ಲಿ ಎಂ.ಎಂ. ಕಲಬುರ್ಗಿಯವರು ತಮ್ಮ 'ಮಾರ್ಗ' ಪುಸ್ತಕದ ಲೇಖನಗಳ ಮೇಲೆ ಎದ್ದ ಗದ್ದಲಕ್ಕೆ ಮಣಿದು ಬರೆದದ್ದನ್ನು ಹಿಂತೆಗೆದುಕೊಂಡರು. ಸಂಶೋಧಕನನ್ನು ಅವನ ಕೈಯಿಂದಲೇ ಅಳಿಸಿಕೊಳ್ಳುವಂತೆ ಮಾಡಿದ ಆ ಚಾಕಚಕ್ಯತೆಯನ್ನು ಮೆಚ್ಚಲೇಬೇಕು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ನಡೆದ ಅವರ ಕೊಲೆಗೆ ಈ ಬಿನ್ನವತ್ತಳೆಯಲ್ಲಿ ಹೊಗಳಿಕೆಯ ಮಾತಿಲ್ಲ. ಮುಂದಕ್ಕೆ ಹೋಗೋಣ.

ಗಡಿಯಾಚೆಯ ಕಾಸರಗೋಡಿನಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ 2019ರ ಮಾರ್ಚಿನಲ್ಲಿ ಒಂದು ಸುತ್ತೋಲೆ ಹೊರಡಿಸಿ, ಪಿಎಚ್‌ಡಿ ವಿಷಯಗಳು ರಾಷ್ಟ್ರೀಯ ಆದ್ಯತೆಗೆ ತಕ್ಕಂತಿರಬೇಕು ಎಂದಿತು. ಅಧ್ಯಯನ ಮಂಡಳಿಯ ಸದಸ್ಯೆಯೊಬ್ಬರು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು, ಪತ್ರಿಕೆಗಳು ಬರೆದವು, ಒಟ್ಟು ರಂಪ. ಅನುಭವ ಸಾಲದು. ಅಂಥ ಮಾತನ್ನು ಸುತ್ತೋಲೆಯಲ್ಲಿ ಬರೆಯಬಾರದು, ಮಾರ್ಗದರ್ಶಕರ ಮುಖದಲ್ಲಿ ಬರೆದಿರಬೇಕು. ಹುಡುಗ ವಿಷಯ ಹೇಳುತ್ತಿದ್ದಂತೆ ಅವರ ಹುಬ್ಬು ಒಂದಿಷ್ಟು ಮೇಲೆ ಹೋದರೆ ಸಾಕು, ಅವನೇ ಬೇರೆ ವಿಷಯಕ್ಕೆ ಬರುತ್ತಾನೆ. ಷಿಕಾಗೊ ವಿಶ್ವವಿದ್ಯಾಲಯದ 1967ರ ಕಾಲ್ವೆನ್ ವರದಿಯನ್ನು ಈಚೆಗೆ ಎಲ್ಲರೂ ಉದ್ಧರಿಸುತ್ತಾರೆ: ವಿವಾದದಲ್ಲಿ ಸಂಸ್ಥೆ ತಾನು ಪಕ್ಷ ಹಿಡಿಯದೆ ಸುಮ್ಮನಿರಬೇಕು, ಒಳಗಿನ ಅಧ್ಯಾಪಕ, ವಿದ್ಯಾರ್ಥಿಗಳು ಧಾರಾಳ ಮಾತಾಡಲಿ ಎಂಬುದು ಅದರ ತಿರುಳು. ನಾವು ಇದನ್ನು ತಿದ್ದಿ ಜಾರಿಗೆ ತಂದಿದ್ದೇವೆ. ಸುಮ್ಮನಿರುವ ಕೆಲಸ ಅಧ್ಯಾಪಕರಿಗೆ; ಪಕ್ಷ ಹಿಡಿಯುವ ಕೆಲಸ ಸಂಸ್ಥೆಗೆ, ಅದೂ ಟಿಕೆಟ್ ಖಾತ್ರಿಯಾದ ಮೇಲೆ.

ಜರ್ಮನಿಯ ತತ್ವಜ್ಞಾನಿ ಕಾಂಟ್‌ಗೆ 1794ರಲ್ಲಿ ಪ್ರಷ್ಯದ ದೊರೆ ಧರ್ಮದ ಬಗ್ಗೆ ಬರೆಯಬೇಡ ಎಂದು ಆಜ್ಞೆ ಮಾಡಿದ. ಕಾಂಟ್ ಆಯಿತು ಎಂದು ಮಾತು ಕೊಟ್ಟು, ದೊರೆ ಸತ್ತ ಮರುವರ್ಷ ಎಲ್ಲವನ್ನೂ ಅಚ್ಚು ಹಾಕಿಸಿದ. ನಮ್ಮ ಪ್ರಾಧ್ಯಾಪಕರು ಯಾರ ಸಾವನ್ನೂ ಬಯಸದ ಸಜ್ಜನರು. ನಿವೃತ್ತಿಯ ದಾರಿ ಕಾಯುತ್ತಾರೆ. ಮೂವತ್ತನೇ ತಾರೀಕಿನ ತನಕ ಹವಾಮಾನದ ಬಗ್ಗೆಯೂ ಅಭಿಪ್ರಾಯವಿಲ್ಲದ ಮನುಷ್ಯ ಒಂದನೇ ತಾರೀಕು ಬೆಳಿಗ್ಗೆ ವಿಚಾರವಾದಿಯಾಗಿ ಏಳುತ್ತಾನೆ. ಪಿಂಚಣಿ ಮಂಜೂರಾತಿಯ ಪತ್ರ ಬಂದ ವಾರದಲ್ಲಿ ಅವರು ಬರೆಯುವ ಲೇಖನಗಳ ಕಾವು ನೋಡಿದರೆ, ಇಷ್ಟು ಬೆಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂವತ್ತೈದು ವರ್ಷ ಹಾಜರಿ ಕೂಗಿದ ಆ ಸಂಯಮಕ್ಕೆ ಕೈ ಮುಗಿಯಬೇಕು. ಅವರ ತರಗತಿಯಲ್ಲಿ ಕೂತು ಹೋದ ಹುಡುಗರಿಗೆ ಆ ಲೇಖನಗಳು ಮಾತ್ರ ತಡವಾಗಿ ತಲುಪುತ್ತವೆ.

ಇಷ್ಟೆಲ್ಲ ಇದ್ದೂ ಅಲ್ಲಲ್ಲಿ ಸೋರುವುದುಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. 2021ರಲ್ಲಿ ರಾಯಚೂರು, ಯಾದಗಿರಿ ಜಿಲ್ಲೆಗಳಿಗೆಂದು ಯರಗೇರಾದಲ್ಲಿ ಶುರುವಾದ ನಮ್ಮ ವಿಶ್ವವಿದ್ಯಾಲಯಕ್ಕೆ ಈಗ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ರಾಮಾಯಣದ ಮೊದಲ ಸರ್ಗವನ್ನು ನೋಡಿರಲಿಕ್ಕಿಲ್ಲ. ಅದು ಶುರುವಾಗುವುದೇ ವಾಲ್ಮೀಕಿ ನಾರದರಿಗೆ ಕೇಳುವ ಪ್ರಶ್ನೆಯಿಂದ: ಈ ಕಾಲದಲ್ಲಿ ಗುಣವಂತ ಯಾರಿದ್ದಾನೆ ಅಂತ. ಅಧಿಕಾರದಲ್ಲಿರುವವರ ಗುಣದ ಬಗ್ಗೆ, ಬಹಿರಂಗವಾಗಿ, ಲಿಖಿತ ಪೂರ್ವಾನುಮತಿ ಇಲ್ಲದೆ. ನಾರದರಾದರೂ ಸಮಯದ ಅಭಾವ ಎನ್ನಬಹುದಿತ್ತು. ಕೂತು ಉತ್ತರ ಹೇಳಿದರು. ಇಂಥವರ ಹೆಸರಿನ ಕೆಳಗೆ ಓದುವ ಮಕ್ಕಳ ಮೇಲೆ ಏನು ಪರಿಣಾಮವಾದೀತೋ, ಸಿಂಡಿಕೇಟು ಒಂದು ಉಪಸಮಿತಿ ರಚಿಸುವುದು ಒಳ್ಳೆಯದು.

ಇನ್ನು ರಾಯಚೂರಿನ ತೀನ್ ಕಂದೀಲ್ ಸುತ್ತಿನ ಚಹದ ಅಂಗಡಿಗಳು. ಅಲ್ಲಿ ಬೆಳಿಗ್ಗೆ ಆರಕ್ಕೇ ಶಿಸ್ತು ಕೆಟ್ಟಿರುತ್ತದೆ. ಹಮಾಲರು, ವಕೀಲರು, ಹತ್ತಿ ದಲಾಲರು ಒಂದೇ ಬೆಂಚಿನ ಮೇಲೆ ಕೂತು ಬೈ-ಟೂ ಚಹ ಕುಡಿಯುತ್ತ ಕೇಂದ್ರ, ರಾಜ್ಯ, ನಗರಾಡಳಿತ ಮೂರನ್ನೂ ಒಟ್ಟಿಗೆ ಹಿಡಿದು ಜಾಡಿಸುತ್ತಾರೆ. 2022ರ ಗಣರಾಜ್ಯೋತ್ಸವದ ದಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಅಂಬೇಡ್ಕರರ ಭಾವಚಿತ್ರ ತೆಗೆಸಿದರೆಂಬ ಆರೋಪ ಬಂದಾಗ ಇದೇ ಮಂದಿ ಬೀದಿ ತುಂಬಿ ನಿಂತರು, ಸದ್ದು ಬೆಂಗಳೂರಿನ ತನಕ ಹೋಯಿತು. ಇವರಲ್ಲಿ ಬಹಳ ಮಂದಿ ನಮ್ಮ ಕಾಲೇಜುಗಳ ಮೆಟ್ಟಿಲು ಹತ್ತಿದವರಲ್ಲ, ಹಾಗಾಗಿ ಅವರನ್ನು ದೂರುವಂತಿಲ್ಲ. ತರಬೇತಿ ಇಲ್ಲ.

ಆದರೆ ತರಬೇತಿ ಪಡೆದವರೇ ಕೈ ಕೊಟ್ಟರೆ? ಆ ಜಲದ ಸಂಕಿರಣ ಮುಗಿದು, ಪ್ರಮಾಣಪತ್ರಗಳನ್ನು ಫೈಲಿಗೆ ಸೇರಿಸಿಕೊಂಡು ಹುಡುಗ ಹುಡುಗಿಯರು ಸಿರವಾರದ ಕಡೆಯ ಬಸ್ಸು ಹತ್ತಿದರು. ಹತ್ತಿದ್ದೇ ತಡ, ಹಿಂದಿನ ಸೀಟಿನಿಂದ ಒಬ್ಬಳು ಶುರು ಮಾಡಿದಳು: "ಲೇ, ದಾಸರ ನೀರು ಇರ್ಲಿ, ನಮ್ ಹೊಲಕ್ಕ ಈ ಸಲ ನೀರು ಬಂತೇನ?" ಇನ್ನೊಬ್ಬ ಗಂಗಾವತಿಯವರನ್ನು ಬೈದ. ಮತ್ತೊಬ್ಬ, ಅವರ್ಯಾಕೆ, ತೂಬು ಕಾಯುವ ಇಲಾಖೆಯನ್ನು ಬೈ ಅಂದ. ನಡುವೆ ಕೂತ ಮುದುಕರೊಬ್ಬರು, ಭತ್ತಕ್ಕೆ ರೇಟು ಕೊಟ್ಟವರು ಯಾರು, ಜೋಳಕ್ಕೆ ಕೊಡದವರು ಯಾರು, ಅದನ್ನು ಮೊದಲು ಹೇಳು ಅಂದರು. ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೊರಟ ಹೆಣ್ಣುಮಕ್ಕಳು ಸರ್ಕಾರವನ್ನು ಅದೇ ಬಸ್ಸಿನಲ್ಲಿ ಕೂತು ತರಾಟೆಗೆ ತೆಗೆದುಕೊಂಡರು, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ. ಊರು ಬರುವ ಹೊತ್ತಿಗೆ ಇಬ್ಬರು ತಮ್ಮ ಮೊದಲಿನ ಮಾತಿನಿಂದ ಹಿಂದೆ ಸರಿದಿದ್ದರು, ಒಬ್ಬ ಲೆಕ್ಕ ತಪ್ಪಿದೆ ಅಂತ ಒಪ್ಪಿಕೊಂಡಿದ್ದ. ನಿರ್ವಾಹಕರು ತಡೆಯುವುದು ಬಿಟ್ಟು, ತಮ್ಮ ಹೊಲವೂ ಕೊನೆ ಭಾಗದ್ದೇ ಅಂತ ನಡುವೆ ಬಾಯಿ ಹಾಕಿದರು.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಗಮನಕ್ಕೆ ಇದನ್ನು ತರಬಯಸುತ್ತೇನೆ. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಸೂಚನೆ ಬಸ್ಸಿನಲ್ಲಿ ಹೇಗೂ ಬರೆದಿರುತ್ತದೆ. ಅದರಲ್ಲಿ 'ಚಾಲಕರೊಂದಿಗೆ' ಎಂಬುದೊಂದನ್ನು ಅಳಿಸಿದರೆ ಹೊಸ ಬಣ್ಣದ ಖರ್ಚೂ ಬೀಳುವುದಿಲ್ಲ.